ಡಾಕ್ಟರ್ ಲ್ಯಾಂಗ್ಡನ್ ಡೌನ್

ನಮ್ಮ ಜಯನಗರದಿಂದ ಹೊಸೂರು ರಸ್ತೆಯ ಕಡೆಗೆ ಹೊರಟರೆ ನಿಮ್ಹಾನ್ಸ್ ಸಂಸ್ಥೆಯೂ ಅದರ ನೆರೆಯಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಸಿಗುತ್ತವೆ. ಬೆಳಗಿನ ಹೊತ್ತು ಅಲ್ಲಿ ಚೀಟಿ ಹಿಡಿದು ಕಾದು ಕುಳಿತ ತಾಯಂದಿರ ತೊಡೆಯ ಮೇಲೆ ಕೆಲವು ಮಕ್ಕಳನ್ನು ಕಾಣಬಹುದು. ಒಂದು ಮಗು ರಾಯಚೂರಿನ ಕಡೆಯದು, ಒಂದು ಕನಕಪುರದ್ದು, ಇನ್ನೊಂದು ಇಲ್ಲಿಯೇ ಬನಶಂಕರಿಯದು. ಊರು ಬೇರೆ, ಜಾತಿ ಬೇರೆ, ಮನೆಯ ಮಾತು ಬೇರೆ. ಆದರೂ ಚಪ್ಪಟೆಯಾದ ಮುಖ, ತಗ್ಗಿದ ಮೂಗಿನ ಬುಡ, ತುಸು ಓರೆಯಾಗಿ ಮೇಲೆದ್ದ ಕಣ್ಣು, ಹಿಂಬದಿ ಉಬ್ಬಿಲ್ಲದ ಸಣ್ಣ ತಲೆ, ಇವುಗಳಿಂದ ಆ ಮಕ್ಕಳು ಒಡಹುಟ್ಟಿದವರಂತೆ ತೋರುತ್ತಾರೆ. ಈ ಸ್ಥಿತಿಗೆ ಡೌನ್ ಸಿಂಡ್ರೋಮ್ ಎಂದು ಹೆಸರು. ಡೌನ್ ಎಂದರೆ ಕೆಳಗೆ ಎಂಬರ್ಥದ ಇಂಗ್ಲಿಷ್ ಪದವೆಂದೂ, ಬುದ್ಧಿ ಕೆಳಮಟ್ಟದ್ದೆಂದು ಸೂಚಿಸಲು ಅದನ್ನು ಇಟ್ಟರೆಂದೂ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅದು ಒಬ್ಬ ಮನುಷ್ಯನ ಮನೆತನದ ಹೆಸರು. ಬೇರೆ ಬೇರೆ ಮನೆಗಳ ಮಕ್ಕಳಲ್ಲಿ ಈ ಹೋಲಿಕೆಯನ್ನು ಕಂಡು, ಅಳೆದು, ಬರೆದಿಟ್ಟವನು ಆತ. ಸರಿಯಾಗಿ ನೋಡಿದವನೂ ಆತನೇ. ನೋಡಿದ್ದಕ್ಕೆ ತಪ್ಪು ಹೆಸರು ಕೊಟ್ಟವನೂ ಆತನೇ. ಈ ಎರಡೂ ಒಬ್ಬನಲ್ಲೇ ಹೇಗೆ ಕೂಡಿದವೆಂಬುದು ಆತನ ಜೀವನವನ್ನು ನೋಡಿದರೆ ತಿಳಿಯುತ್ತದೆ.

ಜಾನ್ ಲ್ಯಾಂಗ್ಡನ್ ಹೇಡನ್ ಡೌನ್ ೧೮೨೮ರ ನವೆಂಬರ್ ೧೮ರಂದು ಇಂಗ್ಲೆಂಡಿನ ನೈಋತ್ಯದ ಮೂಲೆಯಲ್ಲಿರುವ ಕಾರ್ನ್‌ವಾಲ್ ಸೀಮೆಯ ಟಾರ್‌ಪಾಯಿಂಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ತಂದೆಯದು ಔಷಧಿಯ ಅಂಗಡಿ. ಹದಿನಾಲ್ಕನೆಯ ವಯಸ್ಸಿಗೆ ಹುಡುಗನ ಶಾಲೆ ಮುಗಿಯಿತು. ತಂದೆಯ ಅಂಗಡಿಯಲ್ಲೇ ಕೆಲಸಕ್ಕೆ ನಿಂತನು. ಪುಡಿ ಅರೆಯುವುದು, ಪೊಟ್ಟಣ ಕಟ್ಟುವುದು, ಗಿರಾಕಿಗಳಿಗೆ ಉತ್ತರ ಹೇಳುವುದು. ಹದಿನೆಂಟಕ್ಕೆ ಲಂಡನ್ನಿಗೆ ಹೋಗಿ ವೈಟ್‌ಚಾಪೆಲ್ ಬೀದಿಯ ಒಬ್ಬ ಶಸ್ತ್ರವೈದ್ಯನ ಬಳಿ ಸೇರಿದನು. ಅಲ್ಲಿ ರೋಗಿಗಳ ರಕ್ತ ತೆಗೆಯುವುದೂ ಹಲ್ಲು ಕೀಳುವುದೂ ಸೀಸೆ ತೊಳೆಯುವುದೂ ಆತನ ಪಾಲಿಗೆ ಬಂದವು. ಬಳಿಕ ಬ್ಲೂಮ್ಸ್‌ಬರಿಯ ಔಷಧ ಪ್ರಯೋಗಶಾಲೆಯಲ್ಲಿ ಓದಿ ಸಾವಯವ ರಸಾಯನಶಾಸ್ತ್ರದಲ್ಲಿ ಬಹುಮಾನ ಪಡೆದನು. ಆದರೆ ಅಂಗಡಿ ಬಿಡಲಿಲ್ಲ. ಊರಿನಿಂದ ಕರೆ ಬಂದಾಗಲೆಲ್ಲ ಓದು ನಿಲ್ಲಿಸಿ ತಂದೆಯ ನೆರವಿಗೆ ಹಿಂದಿರುಗಬೇಕಾಗುತ್ತಿತ್ತು. ಮಗ ಔಷಧಿಯ ವ್ಯಾಪಾರದಲ್ಲೇ ನೆಲೆಯೂರಲಿ ಎಂಬುದು ತಂದೆಯ ಆಸೆ. ವೈದ್ಯನಾಗಬೇಕೆಂಬುದು ಮಗನ ಆಸೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಈ ಜಗ್ಗಾಟವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ೧೮೫೩ರಲ್ಲಿ ತಂದೆ ತೀರಿಕೊಂಡ ಮೇಲೆಯೇ ಆತ ಲಂಡನ್ ಆಸ್ಪತ್ರೆಯ ವೈದ್ಯಶಾಲೆಗೆ ಸೇರಲು ಸಾಧ್ಯವಾಯಿತು. ಆಗ ಆತನ ವಯಸ್ಸು ಇಪ್ಪತ್ತೈದರ ಹತ್ತಿರ. ೧೮೫೬ರಲ್ಲಿ ತೇರ್ಗಡೆಯಾದನು. ಶರೀರಶಾಸ್ತ್ರದಲ್ಲಿ ಚಿನ್ನದ ಪದಕವೂ ಬಂತು. ಪೊಟ್ಟಣ ಕಟ್ಟಿದ ಕೈ ಪದಕವನ್ನೂ ಹಿಡಿಯಿತು.

ಇಷ್ಟು ಹೆಸರು ಮಾಡಿದವನು ಲಂಡನ್ನಿನಲ್ಲೇ ದೊಡ್ಡ ವೈದ್ಯನಾಗುವನೆಂದು ಗೆಳೆಯರೆಲ್ಲರೂ ಎಣಿಸಿದ್ದರು. ಡೌನ್ ಮಾತ್ರ ೧೮೫೮ರಲ್ಲಿ ಸರ್ರೆ ಸೀಮೆಯ ಅರ್ಲ್ಸ್‌ವುಡ್ ಎಂಬಲ್ಲಿನ ಆಶ್ರಮಕ್ಕೆ ವೈದ್ಯಾಧಿಕಾರಿಯಾಗಿ ಹೊರಟನು. ಅದು ಬುದ್ಧಿಮಾಂದ್ಯರಿಗಾಗಿ ಕಟ್ಟಿದ ದೊಡ್ಡ ಆಶ್ರಮ, ೧೮೫೫ರಲ್ಲಿ ತೆರೆದದ್ದು. ಅಂಥವರನ್ನು ಆ ಕಾಲದ ಇಂಗ್ಲಿಷರು ಈಡಿಯಟ್ ಎಂದು ಕರೆಯುತ್ತಿದ್ದರು, ಆಶ್ರಮದ ಬಾಗಿಲ ಮೇಲೂ ಹಾಗೆಯೇ ಬರೆದಿತ್ತು. ನಾವು ಇಂದು ಬೈಗುಳವಾಗಿ ಆಡುವ ಆ ಮಾತು ಅಂದು ವೈದ್ಯಶಾಸ್ತ್ರದ ಪದವಾಗಿತ್ತು. ಹೆಸರಾಂತ ವೈದ್ಯರಾರೂ ಅತ್ತ ಸುಳಿಯುತ್ತಿರಲಿಲ್ಲ. ಹಾಗಿರುವಾಗ ಈತನೇಕೆ ಹೋದನು? ಹದಿನೆಂಟರ ಹರೆಯದಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಆತನೇ ಮುಂದೆ ನೆನೆದುಕೊಂಡಿದ್ದಾನೆ. ಮನೆಯವರೊಡನೆ ತಿರುಗಾಡಲು ಹೋದಾಗ ಮಳೆ ಬಂದು ಎಲ್ಲರೂ ಒಂದು ಗುಡಿಸಿಲಲ್ಲಿ ಆಶ್ರಯ ಪಡೆದರಂತೆ. ಅಲ್ಲಿ ಬುದ್ಧಿ ಬೆಳೆಯದ ಒಬ್ಬ ಹುಡುಗಿ ಅವರಿಗೆ ಚಹ ತಂದುಕೊಟ್ಟಳು. ಇವಳಿಗಾಗಿ ಏನನ್ನೂ ಮಾಡಲಾಗದೆ ಎಂಬ ಪ್ರಶ್ನೆ ಅಂದು ಆತನ ತಲೆಯನ್ನು ಹೊಕ್ಕು ಕುಳಿತಿತು. ದೊಡ್ಡವರಾದ ಮೇಲೆ ಜನ ತಮ್ಮ ಬಾಳಿಗೆ ಇಂಥ ಆರಂಭಗಳನ್ನು ಹುಡುಕಿಕೊಳ್ಳುವುದುಂಟು. ಆದರೆ ಆತ ಅರ್ಲ್ಸ್‌ವುಡ್ಡಿನಲ್ಲಿ ಮಾಡಿದ ಕೆಲಸವನ್ನು ನೋಡಿದರೆ ಇದನ್ನು ನಂಬಬೇಕೆನಿಸುತ್ತದೆ.

ಆತ ಹೋದಾಗ ಆಶ್ರಮದ ಸ್ಥಿತಿ ಚೆನ್ನಾಗಿರಲಿಲ್ಲ. ಮೊದಲು ಹೊಡೆತ ಬಡಿತಗಳನ್ನು ನಿಲ್ಲಿಸಿದನು. ಊಟಕ್ಕೆ ಮೇಜು, ಕೈಗೆ ಚಾಕು ಚಮಚ, ಮೈಗೆ ಸ್ನಾನ, ದಿನಕ್ಕೊಂದು ಕೆಲಸ. ಬೆರಳುಗಳಿಗೆ ಮೊದಲು ಚಟುವಟಿಕೆ ಕಲಿಸಬೇಕು, ನಾಲಿಗೆ ಆಮೇಲೆ ತಾನೇ ಸಡಿಲುತ್ತದೆ ಎಂಬುದು ಆತನ ನಂಬಿಕೆ. ಬಡಗಿಯ ಕೆಲಸ, ತೋಟದ ಕೆಲಸ, ಹೊಲಿಗೆ, ಹಾಡು, ಕುಣಿತ, ನಾಟಕ ಎಲ್ಲವೂ ಶುರುವಾದವು. ಜೇಮ್ಸ್ ಹೆನ್ರಿ ಪುಲ್ಲೆನ್ ಎಂಬವನು ಅಲ್ಲಿದ್ದನು. ಕಿವಿ ಕೇಳದು, ಮಾತು ಬಾರದು. ಉಳಿ ಕೈಗೆ ಬಂದರೆ ಹಡಗಿನ ಮಾದರಿಗಳನ್ನು ಒಂದು ಮೊಳೆಯೂ ತಪ್ಪದಂತೆ ಕಟ್ಟುವನು. ಇಂಥ ಒಂದೇ ದಿಕ್ಕಿನ ಅದ್ಭುತ ಶಕ್ತಿಯುಳ್ಳವರಿಗೆ ಒಂದು ವೈದ್ಯಕೀಯ ಹೆಸರನ್ನು ಮುಂದೆ ೧೮೮೭ರಲ್ಲಿ ಕೊಟ್ಟವನೂ ಡೌನನೇ. ೧೮೬೦ರಲ್ಲಿ ಮೇರಿ ಕ್ರೆಲ್ಲಿನ್ ಎಂಬಾಕೆಯನ್ನು ಮದುವೆಯಾದನು. ಆಕೆ ಸಂಬಳವಿಲ್ಲದೆ ಗಂಡನಷ್ಟೇ ದುಡಿದಳು. ಆಶ್ರಮದವರು ಮಕ್ಕಳ ಹೆಸರು ಹಿಡಿದು ಕರೆಯುವ ಮನೆಯಾಗಿ ಅರ್ಲ್ಸ್‌ವುಡ್ ಬದಲಾದದ್ದರಲ್ಲಿ ಆಕೆಯ ಪಾಲು ದೊಡ್ಡದು. ಚರಿತ್ರೆ ಬರೆದವರು ಅದಕ್ಕೆ ಕೊಟ್ಟ ಸಾಲುಗಳು ಕಡಿಮೆ.

ಈ ಮನೆವಾರ್ತೆಯ ನಡುವೆಯೇ ಆತನ ಅಳತೆಯ ಕೆಲಸ ನಡೆಯುತ್ತಿತ್ತು. ನೂರಾರು ಜನ ಒಂದೇ ಸೂರಿನಡಿ ಇದ್ದರು. ಇವರೆಲ್ಲರೂ ಒಂದೇ ಬಗೆಯವರೋ, ಬೇರೆ ಬೇರೆ ಬಗೆಯವರೋ? ಹುಟ್ಟಿನಿಂದಲೇ ಹೀಗೋ, ಆಮೇಲೆ ಬಿದ್ದು ಪೆಟ್ಟಾಗಿಯೋ? ಒಳಗೆ ಮಿದುಳನ್ನು ನೋಡುವ ಉಪಾಯ ಆಗ ಇರಲಿಲ್ಲ. ಎಕ್ಸ್ ಕಿರಣಗಳು ಬಂದದ್ದು ೧೮೯೫ರಲ್ಲಿ, ಆತನ ಬದುಕಿನ ಕೊನೆಯ ವರ್ಷಗಳಲ್ಲಿ. ಆದ್ದರಿಂದ ಡೌನ್ ಹೊರಗೆ ಕಾಣುವುದನ್ನೇ ಹಿಡಿದನು: ತಲೆಯ ಸುತ್ತಳತೆ, ಮುಖದ ಆಕಾರ, ಬಾಯಿಯೊಳಗಿನ ಅಂಗುಳು. ತರುಣನಾಗಿದ್ದಾಗ ವೈಟ್‌ಚಾಪೆಲ್‌ನಲ್ಲಿ ಕಿತ್ತ ಹಲ್ಲುಗಳು ವ್ಯರ್ಥವಾಗಲಿಲ್ಲವೆಂದು ಕಾಣುತ್ತದೆ. ೧೮೬೨ರಲ್ಲಿ ಆತ ಬುದ್ಧಿಮಾಂದ್ಯರ ಬಾಯಿಯ ಸ್ಥಿತಿಯ ಮೇಲೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದನು. ಮೇಲಿನ ಸಾಲಿನ ಹಿಂದಣ ಹಲ್ಲುಗಳ ನಡುವಿನ ಅಗಲವನ್ನು ಎರಡೂ ಬಗೆಯವರಲ್ಲಿ, ಎಂದರೆ ಇವರಲ್ಲೂ ಅದೇ ವಯಸ್ಸಿನ ಇತರರಲ್ಲೂ, ಅಳೆದು ಹೋಲಿಸಿದನು. ಹುಟ್ಟಿನಿಂದ ಬುದ್ಧಿ ಕುಂದಿದವರಲ್ಲಿ ಅಂಗುಳು ಕಿರಿದು, ಕಮಾನು ಕಡಿದು ಎಂದು ಕಂಡನು. ಆಗ ಹೊಸದಾಗಿದ್ದ ಛಾಯಾಚಿತ್ರದ ಕಲೆಯನ್ನೂ ಕಲಿತು ಆಶ್ರಮದವರ ಚಿತ್ರಗಳನ್ನು ತಾನೇ ತೆಗೆದನು. ಆ ಚಿತ್ರಗಳಲ್ಲಿ ಜನ ಒಳ್ಳೆಯ ಬಟ್ಟೆ ತೊಟ್ಟು, ತಲೆ ಬಾಚಿ, ಯಾವುದೇ ಗೃಹಸ್ಥರ ಮನೆಯವರಂತೆ ಕುರ್ಚಿಯ ಮೇಲೆ ಕುಳಿತಿದ್ದಾರೆ. ಅವರನ್ನು ಆತ ಬರಿಯ ಮಾದರಿಗಳೆಂದು ಕಂಡಿದ್ದರೆ ಬಾಚಣಿಗೆ ಬೇಕಾಗುತ್ತಿರಲಿಲ್ಲ.

ಈಗ ೧೮೬೬ಕ್ಕೆ ಬರೋಣ. ಆ ವರ್ಷ ಲಂಡನ್ ಆಸ್ಪತ್ರೆಯ ವಾರ್ಷಿಕ ವರದಿಯಲ್ಲಿ ಆತನ ನಾಲ್ಕೇ ಪುಟಗಳ ಒಂದು ಬರಹ ಅಚ್ಚಾಯಿತು. ಆತನ ಹೆಸರನ್ನು ಉಳಿಸಿದ್ದೂ ಕೆಡಿಸಿದ್ದೂ ಆ ನಾಲ್ಕು ಪುಟಗಳೇ. ಅದರಲ್ಲಿ ಆತ ಒಂದು ಗುಂಪಿನವರನ್ನು ಬೇರೆ ಮಾಡಿ ತೋರಿಸಿದನು. ಮುಖ ಚಪ್ಪಟೆ ಮತ್ತು ಅಗಲ. ಕೆನ್ನೆ ಗುಂಡಗೆ, ಪಕ್ಕಕ್ಕೆ ಹರಡಿದ್ದು. ಕಣ್ಣುಗಳು ಓರೆ, ಒಳಮೂಲೆಗಳ ನಡುವೆ ದೂರ ಹೆಚ್ಚು. ಮೂಗು ಸಣ್ಣದು. ನಾಲಿಗೆ ದಪ್ಪ, ಒರಟು. ಚರ್ಮ ಸಡಿಲ, ಮೈಗೆ ದೊಡ್ಡದಾದ ಅಂಗಿಯಂತೆ. ಬೇರೆ ಬೇರೆ ತಾಯಂದಿರ ಮಕ್ಕಳಾದರೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಹಾಗೆಂದು ನಂಬಲು ಕಷ್ಟ ಎಂದು ಬರೆದನು. ಆಶ್ರಮಕ್ಕೆ ಬಂದವರಲ್ಲಿ ಹತ್ತಕ್ಕೊಬ್ಬರಿಗಿಂತ ಹೆಚ್ಚು ಮಂದಿ ಈ ಬಗೆಯವರು. ಇವರು ಹುಟ್ಟಿನಿಂದಲೇ ಹೀಗೆ, ಪೆಟ್ಟಿನಿಂದಲ್ಲ ಎಂದೂ ಹೇಳಿದನು. ಇವರು ಹಾಸ್ಯಪ್ರಿಯರು, ಅನುಕರಣೆಯಲ್ಲಿ ಗಟ್ಟಿಗರು, ಕಲಿಸಿದರೆ ಮಾತೂ ಕೈಕೆಲಸವೂ ಸುಧಾರಿಸುತ್ತವೆ ಎಂಬುದನ್ನೂ ಮರೆಯದೆ ಸೇರಿಸಿದನು. ಇಲ್ಲಿಯವರೆಗೆ ನೋಟ ಸರಿ. ತಂದೆತಾಯಿಗಳ ಕ್ಷಯರೋಗ ಇದಕ್ಕೆ ಕಾರಣವಿರಬೇಕೆಂದು ಊಹಿಸಿದ್ದು ತಪ್ಪು. ಆದರೆ ಅದು ಯಾರಿಗೂ ಕೇಡು ಮಾಡದ ತಪ್ಪು.

ಕೇಡು ಮಾಡಿದ್ದು ಹೆಸರು. ಜರ್ಮನಿಯ ಗಟ್ಟಿಂಗೆನ್ ನಗರದಲ್ಲಿ ಬ್ಲೂಮೆನ್‌ಬಾಖ್ ಎಂಬ ಪಂಡಿತನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನಾನಾ ದೇಶಗಳ ತಲೆಬುರುಡೆಗಳನ್ನು ಕಪಾಟುಗಳಲ್ಲಿ ಕೂಡಿಸಿಟ್ಟು, ಅವುಗಳ ಆಕಾರ ನೋಡಿ ಮಾನವಕುಲವನ್ನು ಐದು ಬಗೆಯಾಗಿ ವಿಂಗಡಿಸಿದ್ದನು: ಕಕೇಶಿಯನ್, ಮಂಗೋಲಿಯನ್, ಇಥಿಯೋಪಿಯನ್, ಅಮೆರಿಕನ್, ಮಲಯ. ಗಂಗೆಯವರೆಗಿನ ಜನರನ್ನು ಆತ ಯೂರೋಪಿನವರ ಗುಂಪಿಗೇ ಸೇರಿಸಿದ್ದನು, ನಮ್ಮನ್ನು ಕೇಳದೆ. ಡೌನನ ಕಾಲದಲ್ಲಿ ಈ ಐದು ಹೆಸರುಗಳು ಎಲ್ಲರ ಬಾಯಲ್ಲಿದ್ದವು. ಆಶ್ರಮದ ಮುಖಗಳನ್ನು ವಿಂಗಡಿಸಲು ಒಂದು ಚೌಕಟ್ಟು ಬೇಕಾದಾಗ ಆತ ಈ ಸಿದ್ಧ ಚೌಕಟ್ಟನ್ನೇ ಕೈಗೆತ್ತಿಕೊಂಡನು. ಇಂಗ್ಲಿಷ್ ತಂದೆತಾಯಿಗಳ ಮಕ್ಕಳಲ್ಲಿ ಕೆಲವರು ಇಥಿಯೋಪಿಯದವರಂತೆ, ಕೆಲವರು ಮಲಯದವರಂತೆ, ಮತ್ತು ಮೇಲೆ ಹೇಳಿದ ದೊಡ್ಡ ಗುಂಪಿನವರು ಮಂಗೋಲಿಯದವರಂತೆ ಕಾಣುತ್ತಾರೆ ಎಂದನು. ಉಳಿದ ಗುಂಪುಗಳನ್ನು ಜನ ಬೇಗ ಮರೆತರು. ಮಂಗೋಲ್ ಎಂಬ ಒಂದು ಪದ ಮಾತ್ರ ಅಂಟಿಕೊಂಡಿತು.

ಆದರೆ ಆತ ಈ ಹೋಲಿಕೆಯಿಂದ ತೆಗೆದ ತೀರ್ಮಾನ ಬೇರೆಯೇ. ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ನಾಲ್ಕು ವರ್ಷ ನಡೆದ ಅಂತರ್ಯುದ್ಧ ಆಗತಾನೇ, ೧೮೬೫ರಲ್ಲಿ, ಮುಗಿದಿತ್ತು. ಕರಿಯರೂ ಬಿಳಿಯರೂ ಬೇರೆ ಬೇರೆ ಜಾತಿಯ ಪ್ರಾಣಿಗಳೆಂದು ವಾದಿಸಿ ಗುಲಾಮಗಿರಿಯನ್ನು ಸಮರ್ಥಿಸುವ ವಿದ್ವಾಂಸರಿದ್ದರು. ಡೌನನು ಅವರಿಗೆ ಎದುರಾಗಿ ನಿಂತನು. ಒಂದು ರೋಗ ಬಿಳಿಯನ ಮಗುವಿಗೆ ಇನ್ನೊಂದು ಜನಾಂಗದ ಮುಖ ಕೊಡಬಲ್ಲದಾದರೆ ಜನಾಂಗಗಳ ನಡುವಣ ಗೋಡೆ ಗಟ್ಟಿಯಾದುದಲ್ಲ, ಮಾನವಕುಲ ಒಂದೇ ಎಂಬುದು ಆತನ ವಾದ. ಉದ್ದೇಶ ಉದಾರ, ದಾರಿ ವಕ್ರ. ಉದಾರತೆಯನ್ನು ಓದಿದವರು ಕೆಲವರು. ಹೆಸರನ್ನು ಕಲಿತವರು ಲೋಕವೆಲ್ಲ. ೧೯೨೪ರಲ್ಲಿ ಕ್ರುಕ್‌ಷ್ಯಾಂಕ್ ಎಂಬ ವೈದ್ಯನು ಇದೇ ಹೆಸರನ್ನು ಹಿಡಿದು ಏಷ್ಯದ ಜನರನ್ನೂ ಈ ಮಕ್ಕಳನ್ನೂ ಒಟ್ಟಿಗೆ ಕೀಳು ಮಾಡುವ ಪುಸ್ತಕವನ್ನೇ ಬರೆದನು. ಒಂದೇ ಪದ ಎರಡು ಕಡೆ ಇರಿಯಿತು: ಮಗುವನ್ನು ಪರಕೀಯ ಎಂದಿತು, ಒಂದು ಇಡೀ ಜನತೆಯನ್ನು ಮಂದಬುದ್ಧಿ ಎಂದಿತು. ಇದು ದೂರದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಗಿರುವ ಮಣಿಪುರದ, ಮಿಜೋರಾಮಿನ ವಿದ್ಯಾರ್ಥಿಗಳು ತಮ್ಮ ಕಣ್ಣು ಮೂಗುಗಳ ಬಗ್ಗೆ ಬೀದಿಯಲ್ಲಿ ಕೇಳುವ ಮಾತುಗಳು ನಮಗೆ ಗೊತ್ತು. ೨೦೧೨ರ ಆಗಸ್ಟಿನಲ್ಲಿ ವದಂತಿಗೆ ಬೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದ್ದೂ ಗೊತ್ತು.

ಡೌನ್ ಕಂಡ ಆ ಮುಖದ ಹಿಂದೆ ನಿಜವಾಗಿ ಏನಿದೆ? ಇದಕ್ಕೆ ಉತ್ತರ ಸಿಗಲು ತೊಂಬತ್ತಮೂರು ವರ್ಷ ಹಿಡಿಯಿತು. ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ೪೬ ವರ್ಣತಂತುಗಳು, ಎಂದರೆ ೨೩ ಜೋಡಿ, ಇರುತ್ತವೆಂದು ಸರಿಯಾಗಿ ಎಣಿಸಿದ್ದೇ ೧೯೫೬ರಲ್ಲಿ. ೧೯೫೯ರಲ್ಲಿ ಪ್ಯಾರಿಸಿನ ಲೆಜೂನ್, ಮಾರ್ತ್ ಗೋತಿಯೇ, ಟರ್ಪಿನ್ ಎಂಬ ಮೂವರು ಈ ಮಕ್ಕಳಲ್ಲಿ ೪೭ ಇರುವುದನ್ನು ಪ್ರಕಟಿಸಿದರು. ಜೀವಕೋಶಗಳನ್ನು ಬೆಳೆಸುವ ಕೆಲಸ ಮಾಡಿದವಳು ಗೋತಿಯೇ. ಕೀರ್ತಿಯ ಹೆಚ್ಚಿನ ಪಾಲು ಲೆಜೂನನಿಗೆ ಹೋಯಿತು. ಜೋಡಿಗಳಲ್ಲೆಲ್ಲ ಅತಿ ಸಣ್ಣದಾದ ೨೧ನೆಯದು ಎರಡರ ಬದಲು ಮೂರು ಆಗಿರುತ್ತದೆ. ತಾಯಿಯ ತತ್ತಿಯಲ್ಲೋ ತಂದೆಯ ವೀರ್ಯಾಣುವಿನಲ್ಲೋ ಜೋಡಿ ಬಿಡಿಯಾಗುವಾಗ ಬಿಡದೆ ಉಳಿದದ್ದರಿಂದ ಹೀಗಾಗುತ್ತದೆ. ಯಾರ ಪಾಪವೂ ಅಲ್ಲ, ಗ್ರಹಣದ ನೆರಳೂ ಅಲ್ಲ, ಕ್ಷಯವೂ ಅಲ್ಲ. ಪ್ರಪಂಚದ ಎಲ್ಲ ಜನಾಂಗಗಳಲ್ಲೂ ಸುಮಾರು ಏಳುನೂರರಿಂದ ಸಾವಿರ ಹೆರಿಗೆಗಳಿಗೆ ಒಂದರಂತೆ ಇಂಥ ಮಗು ಹುಟ್ಟುತ್ತದೆ, ಮಂಗೋಲಿಯದಲ್ಲೂ.

ಆ ಒಂದು ಹೆಚ್ಚಿನ ತಂತು ಎಲುಬಿನ ಮೇಲೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ತುಸು ನೋಡಬೇಕು. ಮಗುವಿನ ತಲೆಬುರುಡೆ ಒಂದೇ ಎಲುಬಲ್ಲ. ಹಲವು ಹಾಳೆಗಳು ಅಂಚಿಗೆ ಅಂಚು ತಾಗಿ ನಿಂತಿರುತ್ತವೆ. ಅವು ಕೂಡುವಲ್ಲಿ ಎಲುಬಿಲ್ಲದ ಮೆತ್ತನೆಯ ಜಾಗ ಉಳಿದಿರುತ್ತದೆ. ಬಾಣಂತಿಮನೆಯಲ್ಲಿ ಅಜ್ಜಿಯರು ಹರಳೆಣ್ಣೆ ಒತ್ತುವ ನೆತ್ತಿ ಇದೇ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ನೆತ್ತಿ ಹೆಚ್ಚು ಅಗಲವಾಗಿದ್ದು ತಡವಾಗಿ ಕೂಡುತ್ತದೆ. ತಲೆಯ ಬುಡದ ಎಲುಬುಗಳು ಉದ್ದಕ್ಕೆ ಕಡಿಮೆ ಬೆಳೆಯುವುದರಿಂದ ತಲೆ ಹಿಂದೆ ಮುಂದೆ ಗಿಡ್ಡವಾಗಿ ಹಿಂಬದಿ ಚಪ್ಪಟೆಯಾಗುತ್ತದೆ. ಹಣೆ ಮುಂದೆ ಬರುವಷ್ಟು ಮೇಲ್ದವಡೆಯೂ ಮೂಗಿನ ಎಲುಬೂ ಬರುವುದಿಲ್ಲ. ಮುಖದ ನಡುಭಾಗ ಹಿಂದೆಯೇ ನಿಲ್ಲುತ್ತದೆ. ಮೂಗು ತಗ್ಗಿ ಕಾಣುವುದು ಇದರಿಂದ. ಎಣ್ಣೆ ಹಚ್ಚಿ ಮೂಗನ್ನು ಎಳೆದೆಳೆದು ನೀಡುವ ಅಜ್ಜಿಯ ಬೆರಳುಗಳಿಗೆ ಇಲ್ಲಿ ಹಿಡಿಯಲು ಎಲುಬೇ ಇಲ್ಲ. ಕೆಳದವಡೆ ಅಷ್ಟಾಗಿ ಹಿಂದುಳಿಯದ ಕಾರಣ ಗದ್ದ ಮುಂಚಾಚಿದಂತೆ ತೋರುತ್ತದೆ. ನಾಲಿಗೆ ಸಾಮಾನ್ಯವಾಗಿ ದೊಡ್ಡದಾಗಿರುವುದಿಲ್ಲ, ಅದು ಇರಬೇಕಾದ ಮನೆ ಸಣ್ಣದು. ಈ ಒಂದರಲ್ಲಿ ಡೌನನ ಕಣ್ಣು ಮೋಸಹೋಗಿತ್ತು, ಅಂಗುಳನ್ನು ಅಷ್ಟು ಚೆನ್ನಾಗಿ ಅಳೆದವನೇ ಆದರೂ. ಹಲ್ಲುಗಳು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಮೂಗಿನ ದಾರಿ ಕಿರಿದಾಗಿ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಕಿವಿಯ ದಾರಿ ಕಿರಿದಾಗಿ ನೀರು ನಿಂತು ಕೇಳಿಸುವುದು ಕಡಿಮೆಯಾಗುತ್ತದೆ. ಕರೆದರೆ ತಿರುಗಿ ನೋಡದ ಮಗುವನ್ನು ಮಂಕು ಎನ್ನುವವರು ಈ ಕೊನೆಯ ಮಾತನ್ನು ಗಮನಿಸಬೇಕು. ಎಷ್ಟೋ ವೇಳೆ ಕುಂದಿರುವುದು ಬುದ್ಧಿಯೊಂದೇ ಅಲ್ಲ, ಕಿವಿಯೂ ಕೂಡ. ಮತ್ತು ಕಿವಿಗೆ ಚಿಕಿತ್ಸೆಯುಂಟು.

ಇದೆಲ್ಲ ಏಕೆ ಹೀಗೆ? ಗರ್ಭದ ಮೊದಲ ವಾರಗಳಲ್ಲಿ ಮಿದುಳು ಬೆನ್ನುಹುರಿಗಳಾಗಲಿರುವ ಕೊಳವೆಯ ಅಂಚಿನಿಂದ ಕೆಲವು ಜೀವಕೋಶಗಳು ಹೊರಟು ಮುಂದಕ್ಕೆ ವಲಸೆ ಬರುತ್ತವೆ. ಮುಖದ ಎಲುಬುಗಳಲ್ಲಿ ಬಹುಪಾಲು ಅವುಗಳಿಂದಲೇ ಆಗುವುದು. ಇದೇ ಬಗೆಯ ಹೆಚ್ಚಿನ ತಂತು ಇರುವಂತೆ ಬೆಳೆಸಿದ ಇಲಿಗಳಲ್ಲಿ ಹೀಗೆ ಬಂದು ಸೇರುವ ಕೋಶಗಳ ಸಂಖ್ಯೆ ಕಡಿಮೆಯೆಂದು ೨೦೦೯ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಗಾರೆಯವರು ಕಡಿಮೆ ಬಂದರೆ ಗೋಡೆ ಗಿಡ್ಡ. ತಂತು ಹೆಚ್ಚಾದರೆ ಮಾತ್ರವಲ್ಲ, ಕಡಿಮೆಯಾದರೂ ಎಲುಬು ಅದನ್ನು ಹೇಳುತ್ತದೆ. ಹೆಣ್ಣುಮಕ್ಕಳಲ್ಲಿ ಒಂದು ಎಕ್ಸ್ ತಂತು ಇಲ್ಲದೆ ಹೋದರೆ ಬರುವ ಟರ್ನರ್ ಸಿಂಡ್ರೋಮಿನಲ್ಲಿ ಕೆಳದವಡೆ ಸಣ್ಣದು, ಅಂಗುಳು ಎತ್ತರ. ೧೮೬೪ರಲ್ಲಿ ಡೌನನೇ ವಿವರಿಸಿದ, ಕುಳ್ಳಾಗಿ ಸಣ್ಣ ಕೈಕಾಲುಗಳೊಡನೆ ವಿಪರೀತ ದಪ್ಪಗಾಗಿದ್ದ ಒಬ್ಬ ಹುಡುಗಿಯದು ೧೫ನೆಯ ತಂತಿನ ತೊಂದರೆಯಿಂದ ಬರುವ ಪ್ರೇಡರ್ ವಿಲ್ಲಿ ಸ್ಥಿತಿಯಿರಬೇಕೆಂದು ಇಂದಿನ ವೈದ್ಯರು ಹೇಳುತ್ತಾರೆ.

ಆತನ ನೋಟ ಎಷ್ಟು ಚುರುಕೆಂಬುದಕ್ಕೆ ಇನ್ನೊಂದು ಸಾಕ್ಷಿ. ಮೂಗು ಸಣ್ಣದು ಎಂದು ೧೮೬೬ರಲ್ಲಿ ಬರೆದಿದ್ದನಲ್ಲವೆ? ೨೦೦೧ರಲ್ಲಿ ಲಂಡನ್ನಿನ ವೈದ್ಯರು ಹನ್ನೊಂದರಿಂದ ಹದಿನಾಲ್ಕು ವಾರದ ಗರ್ಭಗಳನ್ನು ಶಬ್ದತರಂಗದ ಯಂತ್ರದಲ್ಲಿ ನೋಡಿದಾಗ, ಮೂರು ೨೧ನೆಯ ತಂತುಗಳಿದ್ದ ೫೯ ಶಿಶುಗಳಲ್ಲಿ ೪೩ಕ್ಕೆ ಮೂಗಿನ ಎಲುಬು ಕಾಣಲೇ ಇಲ್ಲ. ಸಾಮಾನ್ಯವಾದ ೬೦೩ರಲ್ಲಿ ಕಾಣದಿದ್ದದ್ದು ಮೂರಕ್ಕೆ ಮಾತ್ರ. ಚರ್ಮ ಸಡಿಲ ಎಂದಿದ್ದನು. ಗರ್ಭದಲ್ಲೇ ಕತ್ತಿನ ಹಿಂದಿನ ಚರ್ಮದಡಿ ತುಂಬುವ ನೀರನ್ನು ಅಳೆಯುವುದು ಇಂದು ಜಯನಗರದ ಸ್ಕ್ಯಾನಿಂಗ್ ಕೇಂದ್ರಗಳಲ್ಲೂ ನಡೆಯುವ ಪರೀಕ್ಷೆ. ಆದರೆ ಒಂದು ವ್ಯತ್ಯಾಸ. ಡೌನ್ ಮುಖವನ್ನು ನೋಡಿದ್ದು ಮನೆಯೊಳಗೆ ಕರೆದುಕೊಂಡವರದು. ಈ ಯಂತ್ರ ನೋಡುವುದು ಇನ್ನೂ ಒಳಗೆ ಬಾರದವರದು. ಬರಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಅದು ತಂದೆತಾಯಿಗಳ ಕೈಗೆ ಕೊಡುತ್ತದೆ. ಅವರ ಪರವಾಗಿ ಉತ್ತರ ಹೇಳಲು ನಾನು ಯಾರೂ ಅಲ್ಲ. ಉತ್ತರ ಹೇಳುವ ಮುನ್ನ ಅವರು ಇಂಥ ಮಕ್ಕಳಿರುವ ಒಂದು ಮನೆಯನ್ನು ನೋಡಿ ಬರಲಿ ಎಂದಷ್ಟೇ ನನ್ನ ಮಾತು.

ಡೌನನ ಕತೆಗೆ ಮರಳೋಣ. ಆಡಳಿತ ಮಂಡಳಿಯೊಡನೆ ಮನಸ್ತಾಪ ಬಂದು ಆತ ೧೮೬೮ರಲ್ಲಿ ಅರ್ಲ್ಸ್‌ವುಡ್ ಬಿಟ್ಟನು. ಗಂಡಹೆಂಡಿರು ಸೇರಿ ಥೇಮ್ಸ್ ನದಿಯ ಬಳಿ ಹ್ಯಾಂಪ್ಟನ್ ವಿಕ್ ಎಂಬಲ್ಲಿ ಒಂದು ಮನೆ ಕೊಂಡು, ಗೆಳೆಯನಾದ ವಕೀಲ ನಾರ್ಮನ್ ವಿಲ್ಕಿನ್ಸನ್‌ನ ಹೆಸರಿನಲ್ಲಿ ಅದನ್ನು ನಾರ್ಮನ್ಸ್‌ಫೀಲ್ಡ್ ಎಂದು ಕರೆದರು. ಇದು ಹಣವಂತರ ಮಕ್ಕಳಿಗೆ, ಶುಲ್ಕ ಕೊಡಬಲ್ಲವರಿಗೆ. ಬಡವರ ಕೈಗೆ ಅದು ಎಟುಕುತ್ತಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವೈಟ್‌ಚಾಪೆಲ್‌ನ ಲಂಡನ್ ಆಸ್ಪತ್ರೆಗೆ ಹೋಗಿ ಬಡರೋಗಿಗಳನ್ನು ನೋಡುವುದನ್ನು ಆತ ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ನಾರ್ಮನ್ಸ್‌ಫೀಲ್ಡಿನಲ್ಲಿ ಕುದುರೆ ಸವಾರಿ, ತೋಟ, ಕಾರ್ಯಾಗ, ೧೮೭೯ರಲ್ಲಿ ಒಂದು ಸೊಗಸಾದ ರಂಗಮಂದಿರ. ಬುದ್ಧಿಮಾಂದ್ಯರಿಗೆ ನಾಟಕಶಾಲೆಯೇ ಎಂದು ಜನ ನಕ್ಕಿರಬಹುದು. ಆ ರಂಗಮಂದಿರ ಇಂದಿಗೂ ನಿಂತಿದೆ. ಹೆಣ್ಣುಮಕ್ಕಳು ಹೆಚ್ಚು ಓದಿದರೆ ಅವರಿಗೆ ಬುದ್ಧಿಯಿಲ್ಲದ ಮಕ್ಕಳು ಹುಟ್ಟುತ್ತವೆಂದು ಆ ಕಾಲದಲ್ಲಿ ದೊಡ್ಡ ವೈದ್ಯರೇ ಹೇಳುತ್ತಿದ್ದರು. ಸಾವಿರಾರು ಇಂಥ ಮಕ್ಕಳನ್ನು ಕಂಡ ಅನುಭವದಿಂದ ಡೌನ್ ಅದನ್ನು ತಳ್ಳಿಹಾಕಿದನು. ನಮ್ಮ ಕಾಲೇಜಿನ ಸೋದರಿಯರು ಆತನಿಗೆ ಇದಕ್ಕಾದರೂ ಕೃತಜ್ಞರಾಗಬಹುದು. ೧೮೮೭ರಲ್ಲಿ ಲಂಡನ್ನಿನ ವೈದ್ಯಸಂಘದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಆತ ಬುದ್ಧಿಮಾಂದ್ಯವನ್ನು ಕಾರಣದ ಮೇಲೆ ವಿಂಗಡಿಸಿದನು: ಹುಟ್ಟಿನಿಂದ ಬಂದದ್ದು, ಬೆಳೆಯುವಾಗ ಬಂದದ್ದು, ಅಪಘಾತದಿಂದ ಬಂದದ್ದು. ಜನಾಂಗದ ಚೌಕಟ್ಟಿನ ಹಿಡಿತ ಆ ಹೊತ್ತಿಗೆ ಆತನಲ್ಲೇ ಸಡಿಲಿತ್ತೆಂದು ನನಗೆ ತೋರುತ್ತದೆ. ಲೋಕ ಮಾತ್ರ ಅದನ್ನು ಬಿಡಲಿಲ್ಲ.

ಮನೆಯಲ್ಲಿ ದುಃಖಗಳು ಬಂದವು. ಒಬ್ಬಳೇ ಮಗಳು ಎಳೆತನದಲ್ಲೇ ಹೋದಳು. ಹಿರಿಯ ಮಗ ೧೮೮೩ರಲ್ಲಿ ದುರ್ಘಟನೆಯೊಂದರಲ್ಲಿ ತೀರಿಕೊಂಡನು. ಉಳಿದ ಇಬ್ಬರು, ರೆಜಿನಾಲ್ಡ್ ಮತ್ತು ಪರ್ಸಿವಲ್, ವೈದ್ಯರಾಗಿ ತಂದೆಯ ಕೆಲಸಕ್ಕೆ ಹೆಗಲು ಕೊಟ್ಟರು. ೧೮೯೬ರ ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಉಪಾಹಾರದ ವೇಳೆಗೆ ಲ್ಯಾಂಗ್ಡನ್ ಡೌನ್ ಕುಸಿದು ಪ್ರಾಣಬಿಟ್ಟನು. ವಯಸ್ಸು ಅರವತ್ತೇಳು. ಮೇರಿ ಇನ್ನೂ ನಾಲ್ಕು ವರ್ಷ ಬದುಕಿ ಮನೆಯನ್ನು ನಡೆಸಿದಳು.

ತಂದೆಯ ತಪ್ಪನ್ನು ತಿದ್ದಿದವರಲ್ಲಿ ಮಗನೇ ಮೊದಲಿಗನೆನ್ನಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೆಜಿನಾಲ್ಡನು ಈ ಮಕ್ಕಳ ಅಂಗೈಯಲ್ಲಿ ಎರಡು ಅಡ್ಡಗೆರೆಗಳ ಬದಲು ಒಂದೇ ಗೆರೆ ಇರುವುದನ್ನು ಗುರುತಿಸಿದನು. ಏಷ್ಯದವರೊಡನೆ ಹೋಲಿಕೆಯೆಂಬುದು ಮೇಲುಮೇಲಿನದು, ಆಕಸ್ಮಿಕ ಎಂದೂ ಹೇಳಿದನು. ೧೯೩೨ರಲ್ಲಿ ಪೆನ್ರೋಸ್ ಎಂಬ ವಿಜ್ಞಾನಿ ರಕ್ತದ ಗುಂಪುಗಳನ್ನು ಪರೀಕ್ಷಿಸಿ ಆ ಹೋಲಿಕೆಗೆ ಆಧಾರವಿಲ್ಲವೆಂದು ತೋರಿಸಿದನು. ೧೯೬೧ರಲ್ಲಿ ಹತ್ತೊಂಬತ್ತು ಮಂದಿ ತಜ್ಞರು ಲ್ಯಾನ್ಸೆಟ್ ಪತ್ರಿಕೆಗೆ ಬರೆದು ಮಂಗೋಲ್ ಎಂಬ ಹೆಸರನ್ನು ಕೈಬಿಡಬೇಕೆಂದು ಕೇಳಿದರು. ಅವರಲ್ಲಿ ಒಬ್ಬನು ಡೌನನ ಮೊಮ್ಮಗ, ವೈದ್ಯ ನಾರ್ಮನ್. ಪತ್ರಿಕೆಯ ಸಂಪಾದಕನು ಡೌನನ ಹೆಸರನ್ನೇ ಆರಿಸಿದನು. ೧೯೬೫ರಲ್ಲಿ ಮಂಗೋಲಿಯ ದೇಶದವರು ಕೇಳಿಕೊಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಹಳೆಯ ಹೆಸರನ್ನು ಬಿಟ್ಟಿತು.

ಇನ್ನೊಬ್ಬ ಮೊಮ್ಮಗನ ಮಾತು ಉಳಿಯಿತು. ೧೯೦೫ರಲ್ಲಿ, ಅಜ್ಜ ಸತ್ತು ಒಂಬತ್ತು ವರ್ಷಗಳಾದ ಮೇಲೆ, ರೆಜಿನಾಲ್ಡನಿಗೆ ಒಬ್ಬ ಮಗ ಹುಟ್ಟಿದನು. ಚಪ್ಪಟೆ ಮುಖ, ತಗ್ಗಿದ ಮೂಗು. ಅಜ್ಜನೇ ನಾಲ್ಕು ಪುಟಗಳಲ್ಲಿ ಬರೆದಿಟ್ಟ ಮುಖ ಅದು. ಕಂಡು ಹಿಡಿಯಲು ತಂದೆಗೆ ಬೇರೆ ವೈದ್ಯನ ಅಗತ್ಯವಿರಲಿಲ್ಲ. ಮಗುವಿಗೆ ಅಜ್ಜನ ಹೆಸರನ್ನೇ ಇಟ್ಟರು, ಜಾನ್ ಲ್ಯಾಂಗ್ಡನ್ ಡೌನ್ ಎಂದು. ಇಂಥವರ ಸರಾಸರಿ ಆಯುಸ್ಸು ೧೯೪೯ರಲ್ಲೂ ಹನ್ನೆರಡು ವರ್ಷವೆಂದು ಲೆಕ್ಕ ಹಾಕಿದ್ದರು. (ಇಂದು ಮುಂದುವರಿದ ದೇಶಗಳಲ್ಲಿ ಅದು ಅರವತ್ತರ ಸಮೀಪ; ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಬರುವ ಹೃದಯದ ದೋಷವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವುದು ಸಾಧ್ಯವಾದದ್ದು ಇದಕ್ಕೆ ಮುಖ್ಯ ಕಾರಣ.) ಈತ ಅಜ್ಜಿ ಅಜ್ಜ ಕಟ್ಟಿದ ನಾರ್ಮನ್ಸ್‌ಫೀಲ್ಡಿನಲ್ಲಿ ಬೆಳೆದು ಮುದುಕನಾದನು. ೧೯೬೧ರಲ್ಲಿ ಪಂಡಿತರು ಹೆಸರನ್ನು ಕುರಿತು ಚರ್ಚಿಸುತ್ತಿದ್ದಾಗ ಐವತ್ತೈದು ದಾಟಿದವನಾಗಿ ಆತ ಅಲ್ಲಿಯೇ ಇದ್ದನು. ೧೯೭೦ರಲ್ಲಿ ತೀರಿಕೊಂಡನು.